ಬಿಲ್ಲು ಯಾರು ಕೊಡಬೇಕು?

(ನಮ್ಮ ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಳ್ಳುಬೆಲ್ಲ ತಿಂದಾಗಿದೆ, ಇನ್ನು ಒಳ್ಳೆಯ ಮಾತಾಡಬೇಕಾದ ಸರದಿ ನನ್ನದು.

ನಮ್ಮ ಕೋಪರಿಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲಿ ಅರಸಿನ ಕುಂಕುಮ. ಮರಾಠಿ ನೆರೆಯವರಿಂದ ಕಲಿತ ಪದ್ಧತಿಯಂತೆ ನಾವೂ ಬಂದವರಿಗೆಲ್ಲ 'ವಾಣ' ಕೊಡುತ್ತೇವೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬಾಚಣಿಗೆ, ಒಂದು ಪುಟ್ಟ ಸ್ಟೀಲ್ ಬಟ್ಟಲು ಕೊಟ್ಟರೆ ಸಾಕಿತ್ತು. ಈಗ ಡಬ್ಬಿ ಸೆಟ್ಟು, ಪರ್ಸು, ಬೆಳ್ಳಿಯ ಲೇಪದ ತಟ್ಟೆ. "ಅವರು ಇಷ್ಟು ಕೊಟ್ಟರು, ನಾವು ಇದಕ್ಕಿಂತ ಕಡಿಮೆ ಕೊಟ್ಟರೆ ಹೇಗೆ?" ಎಂಬ ಮಾತನ್ನು ಇಲ್ಲಿರುವ ಯಾರೂ ಮನೆಯಲ್ಲಿ ಆಡಿಲ್ಲ ಎಂದು ಆಣೆ ಮಾಡಿ ಹೇಳಿ ನೋಡೋಣ! ನಗುತ್ತಿದ್ದೀರಿ. ಅಂದರೆ ನನ್ನ ಇವತ್ತಿನ ವಿಷಯ ನಿಮಗೆ ಆಗಲೇ ಅರ್ಧ ಗೊತ್ತಿದೆ. ಕೊಡುವುದು, ತೆಗೆದುಕೊಳ್ಳುವುದು, ಅದರಲ್ಲಿ ಅಡಗಿರುವ ಅಂತಸ್ತು. ಇದನ್ನು ನಾನು ಸರಿಯಾಗಿ ಕಲಿತದ್ದು ಬ್ಯಾಂಕಾಕಿನಲ್ಲಿ, ಒಂದು ದೊಡ್ಡ ತಪ್ಪು ಮಾಡಿ.

ಈಗ ನಮ್ಮಲ್ಲಿ ಅನೇಕರ ಮಕ್ಕಳು, ಸೊಸೆಯಂದಿರು ಕೆಲಸದ ಮೇಲೆ ಹೊರದೇಶಕ್ಕೆ ಹೋಗುತ್ತಿದ್ದಾರೆ. ಹೋಗುವ ಮುನ್ನ ವೀಸಾ, ಬಾಡಿಗೆ, ಶಾಲೆ ಎಲ್ಲವನ್ನೂ ವಿಚಾರಿಸುತ್ತಾರೆ. ಊಟದ ಮೇಜಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಅನುಭವವನ್ನು ಹೇಳು ಎಂದು ಕಾರ್ಯಾಧ್ಯಕ್ಷೆಯವರು ಕೇಳಿದರು.

ನಮ್ಮವರು ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. 2011ರಲ್ಲಿ ಅವರಿಗೆ ಥಾಯ್ಲೆಂಡಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಂಪನಿಯ ಹೆಸರು ಬೇಡ. ನಮ್ಮ ದೇಶದವರಿಗೆ ಅಲ್ಲಿನ ಕಾರ್ಖಾನೆಗಳು ಹೊಸದಲ್ಲ. 1969ರಲ್ಲೇ ಆದಿತ್ಯ ವಿಕ್ರಮ್ ಬಿರ್ಲಾ ಅವರು ಅಲ್ಲಿ ಇಂಡೋ-ಥಾಯ್ ಸಿಂಥೆಟಿಕ್ಸ್ ಎಂಬ ನೂಲಿನ ಕಂಪನಿ ಸ್ಥಾಪಿಸಿದ್ದರು. ನಾನು ಹದಿನಾಲ್ಕು ವರ್ಷದ ನೌಕರಿಗೆ ರಾಜೀನಾಮೆ ಕೊಟ್ಟೆ. ನನಗೆ ಸಿಕ್ಕಿದ್ದು ಅವಲಂಬಿತಳ ವೀಸಾ. ಅದರಲ್ಲಿ ಅಲ್ಲಿ ಕೆಲಸ ಮಾಡುವಂತಿಲ್ಲ. ಹೀಗೆ ಕೋಪರಿಯ ಗುಮಾಸ್ತೆ ಬ್ಯಾಂಕಾಕಿನಲ್ಲಿ ಏಕಾಏಕಿ 'ಮೇಡಂ' ಆದಳು.

ಮೊದಲ ದಿನಗಳಲ್ಲಿ ನನಗೆ ಆ ದೇಶ ಬಹಳ ಪರಿಚಿತ ಅನ್ನಿಸಿತು. ಭಾಷೆಗೆ ಅವರು 'ಫಾಸಾ' ಅನ್ನುತ್ತಾರೆ. ಆಹಾರಕ್ಕೆ 'ಆಹಾನ್', ವೇಳೆಗೆ 'ವೇಲಾ', ಶಿಕ್ಷಕರಿಗೆ 'ಖ್ರೂ', ಅಂದರೆ ನಮ್ಮ ಗುರು. ಸಸ್ಯಾಹಾರಕ್ಕೆ 'ಮಂಗ್ಸವಿರತ್', ಬಿಡಿಸಿ ನೋಡಿದರೆ ಮಾಂಸ ವಿರತಿ! ಶ್ರೀಮಂತನಿಗೆ 'ಸೇಟ್ತೀ' ಎಂಬ ಮಾತಿದೆ. ಸಂಸ್ಕೃತದ ಶ್ರೇಷ್ಠಿಯಿಂದ ಬಂದದ್ದು. ಇಲ್ಲಿ ಕುಳಿತಿರುವ ಶೆಟ್ಟಿ ಮನೆತನದ ಅಕ್ಕಂದಿರು ಬ್ಯಾಂಕಾಕಿಗೆ ಹೋದರೆ ಹೆಸರು ಹೇಳಿದ ಕೂಡಲೇ ಅರ್ಧ ಅಂತಸ್ತು ಸಿಕ್ಕಿತು ಅನ್ನಿ. ದಾರಿಯಲ್ಲಿ ಸಿಕ್ಕವರೂ "ಹಲೋ" ಅನ್ನುವ ಬದಲು "ಊಟ ಆಯ್ತಾ?" ಎಂದೇ ಕೇಳುತ್ತಾರೆ. ಹಾಗಾಗಿ ಇವರೆಲ್ಲ ನಮ್ಮಂಥವರೇ, ನಮ್ಮ ರೀತಿಯಲ್ಲೇ ನಡೆದುಕೊಂಡರೆ ಸಾಕು ಎಂದುಕೊಂಡೆ. ಎಡವಿದ್ದು ಅಲ್ಲೇ.

ನಾವು ಹೋದ ವರ್ಷವೇ ಅಲ್ಲಿ ಭಾರೀ ಪ್ರವಾಹ ಬಂತು. 2011ರ ಅಕ್ಟೋಬರ್‌ನಲ್ಲಿ ಅಯುತ್ಥಯಾ ಕಡೆಯ ಕೈಗಾರಿಕಾ ವಸಾಹತುಗಳು ಒಂದಾದ ಮೇಲೊಂದು ಮುಳುಗಿದವು. ನಮ್ಮವರ ಕಾರ್ಖಾನೆಯೂ ಕೆಲವು ತಿಂಗಳು ನಿಂತಿತು. ಮತ್ತೆ ಶುರುವಾಗಬೇಕಾದರೆ ಕಚ್ಚಾ ಮಾಲು ಸಾಲದ ಮೇಲೆ ಸಿಗಬೇಕಿತ್ತು. ಅದನ್ನು ಒದಗಿಸುವವರು ಎಪ್ಪತ್ತು ದಾಟಿದ ಒಬ್ಬ ಥಾಯ್-ಚೀನೀ ವ್ಯಾಪಾರಿ. 2012ರ ಫೆಬ್ರವರಿಯಲ್ಲಿ ಕಾರ್ಖಾನೆಯ ಯಂತ್ರಗಳು ಮತ್ತೆ ತಿರುಗಿದ ಖುಷಿಗೆ ಆ ಹಿರಿಯರೇ ನಮ್ಮನ್ನೆಲ್ಲ ಚೈನಾಟೌನ್ ಆದ ಯಾವ್ವರಾತ್‌ನ ಒಂದು ಹೋಟೆಲಿಗೆ ಊಟಕ್ಕೆ ಕರೆದರು. ದುಂಡು ಮೇಜು, ನಡುವೆ ತಿರುಗುವ ಗಾಜಿನ ತಟ್ಟೆ. ಅವರ ಮಗ, ಅವರ ಆಫೀಸಿನ ನಾಲ್ಕು ಜನ, ನಮ್ಮ ಕಡೆಯಿಂದ ಐದು ಜನ. ನಮ್ಮಿಬ್ಬರಿಗಾಗಿ ಮಾಂಸವಿಲ್ಲದ, ಮೀನಿನ ಸಾಸ್ ಹಾಕದ ಅಡುಗೆಯನ್ನು ಮೊದಲೇ ಹೇಳಿ ಮಾಡಿಸಿದ್ದರು.

ಊಟ ಮುಗಿಯುವ ಹೊತ್ತಿಗೆ ನನ್ನ ತಲೆಯಲ್ಲಿ ನಮ್ಮೂರ ಲೆಕ್ಕ. ಇಷ್ಟು ದೊಡ್ಡವರು, ನಮಗೆ ಸಾಲ ಕೊಡುವವರು, ಅವರಿಂದ ಊಟದ ಖರ್ಚೂ ಮಾಡಿಸುವುದೇ? ಇಲ್ಲಿ ನಾವು ಹೇಗೆ ಮಾಡುತ್ತೇವೆ ನಿಮಗೆ ಗೊತ್ತು. ಹೋಟೆಲಿನ ಗಲ್ಲಾದ ಹತ್ತಿರ ಇಬ್ಬರು ಗಂಡಸರು ಕುಸ್ತಿ ಹಿಡಿದವರಂತೆ ಕೈ ಕೈ ಹಿಡಿದು "ನಾನು ಕೊಡ್ತೀನಿ, ನಾನು ಕೊಡ್ತೀನಿ" ಅನ್ನುವುದು, ಜಾಣನಾದವನು ಕೈ ತೊಳೆಯುವ ನೆಪದಲ್ಲಿ ಮೊದಲೇ ಹೋಗಿ ಕೊಟ್ಟುಬಿಡುವುದು. ನಾನೂ ಆ ಜಾಣತನ ಮಾಡಿದೆ. ಕೈ ತೊಳೆಯಲು ಹೋದವಳು ಕೌಂಟರಿನಲ್ಲಿ ಕಾರ್ಡ್ ಕೊಟ್ಟು ಹದಿನೆಂಟು ಸಾವಿರ ಬಾತ್ ಕಟ್ಟಿ ಬಂದೆ. ನಮ್ಮ ತಿಂಗಳ ಉಳಿತಾಯ ಅಷ್ಟೂ ಹೋಯಿತು, ಆದರೆ ಮರ್ಯಾದೆ ಉಳಿಯಿತು ಎಂದುಕೊಂಡೆ.

ಹಿರಿಯರು ಬಿಲ್ಲು ತರಲು ಕೈಸನ್ನೆ ಮಾಡಿದರು. ಹುಡುಗ ಬಂದು ಕಿವಿಯಲ್ಲಿ ಏನೋ ಹೇಳಿದ. ಅವರ ಮುಖದ ನಗು ಹಾಗೇ ಇತ್ತು. ನನ್ನ ಕಡೆ ತಿರುಗಿ ಕೈ ಜೋಡಿಸಿದರು. ಅವರ ಮಗ ತಟ್ಟೆ ನೋಡುತ್ತಾ ಕುಳಿತ. ಐದು ನಿಮಿಷದಲ್ಲಿ ಎಲ್ಲರೂ ಎದ್ದರು. ನಾನು ಗೆದ್ದೆ ಎಂದುಕೊಂಡೇ ಮನೆಗೆ ಬಂದೆ.

ಆಮೇಲೆ ಯಾರೂ ಏನೂ ಅನ್ನಲಿಲ್ಲ. ಆದರೆ ಮಾಲು ತಡವಾಗತೊಡಗಿತು. ಫೋನ್ ಮಾಡಿದರೆ "ಯಜಮಾನರು ಊರಲ್ಲಿಲ್ಲ". ಸಾಲದ ಕಾಗದಕ್ಕೆ ಸಹಿ ಬರಲಿಲ್ಲ. ಮಾರ್ಚ್ ಕಳೆಯಿತು. ನಮ್ಮವರ ಮೇಲಿನವರು "ಹೊಸಬರಿಗೆ ಇಲ್ಲಿನ ಸಂಬಂಧ ನಿಭಾಯಿಸಲು ಬರುವುದಿಲ್ಲವೇನೋ" ಎಂದು ಒಂದು ಮಾತು ಅಂದರಂತೆ. ಒಪ್ಪಂದ ನವೀಕರಣವಾಗದಿದ್ದರೆ ವರ್ಷ ತುಂಬುವ ಮುನ್ನವೇ ಕೋಪರಿಗೆ ವಾಪಸ್. ಅಲ್ಲಿ ನನ್ನ ನೌಕರಿಯೂ ಇಲ್ಲ. ಮಗನ ಶಾಲೆಯ ಫೀ ಕಟ್ಟಿಯಾಗಿದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆದರೂ ಆ ಊಟಕ್ಕೂ ಇದಕ್ಕೂ ಸಂಬಂಧ ಇದೆ ಎಂದು ನಮಗೆ ಹೊಳೆಯಲೇ ಇಲ್ಲ.

ಹೇಳಿದವರು ನಮ್ಮವರ ಆಫೀಸಿನ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ. ಅವತ್ತು ಅವರೂ ಮೇಜಿನಲ್ಲಿದ್ದರು. ನಾನು ಅವರನ್ನು 'ಪೀ' ಎಂದು ಕರೆಯುತ್ತಿದ್ದೆ, ಅಂದರೆ ಅಕ್ಕ. ಸ್ವರ ಸ್ವಲ್ಪ ಮೇಲೆ ಹೋದರೆ ಅದೇ ಪದಕ್ಕೆ ದೆವ್ವ ಎಂಬ ಅರ್ಥ. ಆರು ತಿಂಗಳು ನಾನು ಅವರನ್ನು ದೆವ್ವ ಎಂದೇ ಕರೆದಿದ್ದೆನಂತೆ. ಅದನ್ನೂ ಅವರು ಹೇಳಿರಲಿಲ್ಲ!

ಅವರು ನನ್ನನ್ನು ಒಬ್ಬಳನ್ನೇ ಕರೆದು ಮೆಲ್ಲಗೆ ವಿವರಿಸಿದರು. "ಇಲ್ಲಿ ಕರೆದವರು ಕೊಡುತ್ತಾರೆ. ಕರೆದವರು ಯಾರೆಂದು ಸ್ಪಷ್ಟವಿಲ್ಲದಿದ್ದರೆ ಹಿರಿಯರು ಕೊಡುತ್ತಾರೆ. ತಲಾ ಇಷ್ಟು ಎಂದು ಹಂಚಿಕೊಂಡರೆ ಅದಕ್ಕೆ ನಾವು 'ಅಮೆರಿಕನ್ ಶೇರ್' ಅನ್ನುತ್ತೇವೆ, ಅದು ಗೆಳೆಯರ ನಡುವೆ. ಆ ಹಿರಿಯರು ತಮ್ಮ ಮಗನ ಮುಂದೆ, ತಮ್ಮ ನೌಕರರ ಮುಂದೆ ಆತಿಥ್ಯ ಮಾಡಿದರು. ನೀನು ಅದನ್ನು ಅವರ ಕೈಯಿಂದ ಕಿತ್ತುಕೊಂಡೆ. ಅವರಿಗೆ ಕೊಡುವ ಶಕ್ತಿ ಇಲ್ಲ ಅಂದಂತಾಯಿತು." ಇದಕ್ಕೆ ಅವರು ಬಳಸಿದ ಮಾತು 'ಸಿಯಾ ನಾ', ಮುಖ ಕಳೆದುಕೊಳ್ಳುವುದು.

"ಹಾಗಾದರೆ ಯಾರಾದರೂ ಅಂದೇ ಹೇಳಬಾರದಿತ್ತೇ?" ಎಂದು ಕೇಳಿದೆ. ಅದಕ್ಕೂ ಅವರಲ್ಲಿ ಒಂದು ಪದವಿತ್ತು, 'ಕ್ರೆಂಗ್ ಜಾಯ್'. ಪರದೇಶದವರಿಗಾಗಿ ಬರೆದ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಒಂದು ಪದಕ್ಕೆ ಅರ್ಧ ಪುಟ ವಿವರಣೆ ಕೊಟ್ಟಿರುತ್ತಾರೆ. ಕನ್ನಡದವರಾದ ನಮಗೆ ಒಂದೇ ಮಾತು ಸಾಕು, ದಾಕ್ಷಿಣ್ಯ! ಇನ್ನೊಬ್ಬರ ಮನಸ್ಸಿಗೆ ಭಾರವಾಗಬಾರದು ಎಂದು ಬಾಯಿ ಬಿಗಿ ಹಿಡಿಯುವುದು. ದಾಕ್ಷಿಣ್ಯಕ್ಕೆ ಬಸಿರಾದರೆ ಏನಾಗುತ್ತದೆ ಎಂದು ನಮ್ಮ ಅಜ್ಜಿಯಂದಿರು ಗಾದೆ ಮಾಡಿಟ್ಟಿದ್ದಾರೆ. ಥಾಯ್ ಜನ ಅದೇ ದಾಕ್ಷಿಣ್ಯದ ಮೇಲೆ ಇಡೀ ಆಫೀಸು ನಡೆಸುತ್ತಾರೆ. ಕಿರಿಯರು ಹಿರಿಯರನ್ನು ಎದುರಾಡುವುದಿಲ್ಲ, ಹಿರಿಯರು ಕಿರಿಯರನ್ನು ಎಲ್ಲರ ಮುಂದೆ ಗದರಿಸುವುದಿಲ್ಲ. ನಗು ಇದೆ ಎಂದ ಮಾತ್ರಕ್ಕೆ ಒಪ್ಪಿಗೆ ಇದೆ ಎಂದಲ್ಲ.

"ನಾನು ಹೋಗಿ ಕ್ಷಮೆ ಕೇಳಲೇ?" ಎಂದೆ. "ಬೇಡ. ಕ್ಷಮೆ ಕೇಳಿದರೆ ಅವರಿಗೆ ಅವಮಾನ ಆಗಿತ್ತು ಎಂದು ನೀನೇ ಸಾರಿದ ಹಾಗೆ. ಸೋಂಗ್‌ಕ್ರಾನ್‌ವರೆಗೆ ಕಾಯಿ" ಅಂದರು.

ಸೋಂಗ್‌ಕ್ರಾನ್ ಅಂದರೆ ಬೇರೇನಲ್ಲ, ನಮ್ಮ ಸಂಕ್ರಾಂತಿಯೇ. ನಮ್ಮದು ಮಕರ ಸಂಕ್ರಾಂತಿ, ಅವರದು ಮೇಷ ಸಂಕ್ರಾಂತಿ. ಏಪ್ರಿಲ್ 13ರಿಂದ 15ರವರೆಗೆ ಹೊಸ ವರ್ಷ. ಟಿವಿಯಲ್ಲಿ ನೀವು ನೋಡಿರುವುದು ಬೀದಿಯಲ್ಲಿ ಪಿಚಕಾರಿ ಹಿಡಿದು ನೀರೆರಚುವ ಗದ್ದಲ. ಮನೆ ಮತ್ತು ಆಫೀಸುಗಳಲ್ಲಿ ನಡೆಯುವುದು ಬೇರೆ. ಹಿರಿಯರನ್ನು ಸಾಲಾಗಿ ಕೂರಿಸಿ, ಮಲ್ಲಿಗೆ ಹಾಕಿದ ಪರಿಮಳದ ನೀರನ್ನು ಕಿರಿಯರು ಅವರ ಅಂಗೈ ಮೇಲೆ ಮೆಲ್ಲಗೆ ಸುರಿಯುತ್ತಾರೆ. ವರ್ಷವಿಡೀ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಬೇಡಿ ಆಶೀರ್ವಾದ ಪಡೆಯುತ್ತಾರೆ. ಯಾವ ತಪ್ಪು ಎಂದು ಯಾರೂ ಹೇಳಬೇಕಾಗಿಲ್ಲ.

ಆ ಏಪ್ರಿಲ್‌ನಲ್ಲಿ ರಜೆಗೆ ಮುಂಚೆ ನಾವು ಗಂಡ ಹೆಂಡತಿ ಆ ಹಿರಿಯರ ಆಫೀಸಿಗೆ ಹೋದೆವು. ಅವರ ನೌಕರರೆಲ್ಲ ಸರದಿಯಲ್ಲಿದ್ದರು. ನನ್ನ ಸರದಿ ಬಂದಾಗ ಮಂಡಿಯೂರಿ ಕುಳಿತು ಅವರ ಕೈ ಮೇಲೆ ನೀರು ಹಾಕಿದೆ. ಕೈ ನಡುಗುತ್ತಿತ್ತು. ಅವರು ಒದ್ದೆ ಬೆರಳಿನಿಂದ ನನ್ನ ತಲೆಯ ಮೇಲೆ ನೀರು ಚಿಮುಕಿಸಿ ಏನೋ ಹರಸಿದರು. ಆಮೇಲೆ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಒಳ್ಳೆಯ ಮಂಗ್ಸವಿರತ್ ಹೋಟೆಲ್ ಒಂದನ್ನು ಹುಡುಕಿದ್ದೇನೆ. ಮುಂದಿನ ವಾರ ಬನ್ನಿ. ಈ ಸಲ ಪರ್ಸ್ ಮನೆಯಲ್ಲೇ ಬಿಟ್ಟು ಬನ್ನಿ." ಎಲ್ಲರೂ ನಕ್ಕರು. ನನ್ನ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಪರ್ಸ್ ಬಿಟ್ಟೇ ಹೋದೆ. ಅದೇ ತಿಂಗಳು ಕಾಗದಕ್ಕೆ ಸಹಿ ಬಿತ್ತು.

ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂದು ನಮಗೆ ಕಲಿಸಿದ್ದಾರೆ. ಆದರೆ ಒಬ್ಬರು ಪ್ರೀತಿಯಿಂದ ಕೊಡುವಾಗ ಸಂಕೋಚವಿಲ್ಲದೆ ತೆಗೆದುಕೊಳ್ಳುವುದೂ ಒಂದು ಕೊಡುಗೆಯೇ. ಆ ಹಿರಿಯರಿಗೆ ನಾನು ಕೊಡಬಹುದಾಗಿದ್ದದ್ದು ಅದೊಂದೇ.

ಇನ್ನು ಅಂತಸ್ತಿನ ಗುರುತುಗಳ ಮಾತು. ಅಲ್ಲಿನ ವ್ಯಾಪಾರಿ ಲೋಕದಲ್ಲಿ ಮುಖಕ್ಕೆ ಬೆಲೆ ಇರುವುದರಿಂದ ಗುರುತುಗಳಿಗೂ ಬೆಲೆ. ಆಮದು ಕಾರಿನ ಮೇಲೆ ತೆರಿಗೆ ವಿಪರೀತ, ಹಾಗಾಗಿ ದೊಡ್ಡವರ ಮನೆ ಮುಂದೆ ಬೆಂಜ್ ಇರಲೇಬೇಕು. ಕಾರಿನ ಅದೃಷ್ಟದ ನಂಬರುಗಳನ್ನು ಸಾರಿಗೆ ಇಲಾಖೆಯೇ ಹರಾಜು ಹಾಕುತ್ತದೆ. ಒಂಬತ್ತಕ್ಕೆ ಬೇಡಿಕೆ ಹೆಚ್ಚು, ಏಕೆಂದರೆ ಅದರ ಉಚ್ಚಾರವೂ ಮುಂದಕ್ಕೆ ಹೆಜ್ಜೆ ಇಡು ಎಂಬ ಪದದ ಉಚ್ಚಾರವೂ ಒಂದೇ, 'ಕಾವ್'. ನಮ್ಮ ಎಂಎಚ್ 04ರಲ್ಲೂ ಫ್ಯಾನ್ಸಿ ನಂಬರಿಗೆ ದುಡ್ಡು ಸುರಿಯುವವರಿಲ್ಲವೇ? ಗಂಡಸರ ಕೂಟಗಳಲ್ಲಿ ಗಾಲ್ಫ್, ಮತ್ತೆ ಹೋಟೆಲಿನಲ್ಲಿ ಹೆಸರು ಬರೆದು ಇಟ್ಟಿರುವ ವಿಸ್ಕಿ ಬಾಟಲಿ. ಚಿನ್ನವಂತೂ ಸರಿಯೇ ಸರಿ. ನಾವು ತೊಲ, ಪವನು ಅಂದಂತೆ ಅವರು ಚಿನ್ನವನ್ನೂ 'ಬಾತ್' ಲೆಕ್ಕದಲ್ಲಿ ತೂಗುತ್ತಾರೆ, ಒಂದು ಬಾತ್ ಅಂದರೆ ಸುಮಾರು 15 ಗ್ರಾಂ. ಅವರ ಒಡವೆ ಚಿನ್ನ ಶೇಕಡಾ 96.5 ಶುದ್ಧ, ನಮ್ಮ 22 ಕ್ಯಾರೆಟ್ ಶೇಕಡಾ 91.6. ನನ್ನ ಮಾಂಗಲ್ಯದ ಸರ ನೋಡಿ ಅಲ್ಲಿನ ಹೆಂಗಸರು "ಬಣ್ಣ ಏಕೆ ಮಂಕು?" ಎಂದು ಕೇಳಿದ್ದುಂಟು.

ನಾನೂ ಈ ಓಟದಲ್ಲಿ ಸಿಕ್ಕಿಬಿದ್ದೆ. ಭಾರತದಿಂದ ಬಂದ ಅಧಿಕಾರಿಗಳ ಹೆಂಡಂದಿರ ಕಿಟ್ಟಿ ಪಾರ್ಟಿಯಲ್ಲಿ ಎಲ್ಲರ ಕೈಯಲ್ಲೂ ಹೆಸರಾಂತ ಬ್ರ್ಯಾಂಡಿನ ಚೀಲ. ಅಸಲಿ ಕೊಳ್ಳುವ ತಾಕತ್ತಿಲ್ಲ. ರಾತ್ರಿ ಬಜಾರಿನಲ್ಲಿ ಒಂದು ನಕಲಿ ಕೊಂಡೆ, ನಮ್ಮವರಿಗೂ ಅಸಲಿ ಎಂದೇ ಹೇಳಿದೆ. ಕಂಪನಿಯ ವಾರ್ಷಿಕ ಸಮಾರಂಭಕ್ಕೆ ಅದನ್ನೇ ಹಿಡಿದು, ಅಮ್ಮ ಕೊಟ್ಟಿದ್ದ ಇಳಕಲ್ ಸೀರೆ ಉಟ್ಟು ಹೋದೆ. ಅಲ್ಲಿನ ಹಿರಿಯ ಹೆಂಗಸರೆಲ್ಲ ಕೈಮಗ್ಗದ ಥಾಯ್ ರೇಷ್ಮೆಯಲ್ಲಿದ್ದರು. ರಾಣಿ ಸಿರಿಕಿತ್ ಅವರು 1976ರಲ್ಲಿ ಹಳ್ಳಿಯ ಕುಶಲಕರ್ಮಿಗಳಿಗಾಗಿ ಒಂದು ಪ್ರತಿಷ್ಠಾನ ಕಟ್ಟಿ ಆ ನೇಯ್ಗೆಗೆ ಮತ್ತೆ ಗೌರವ ತಂದವರು. ಪೀ ನನ್ನ ಚೀಲವನ್ನು ಒಮ್ಮೆ ನೋಡಿ ಏನೂ ಅನ್ನಲಿಲ್ಲ. ಸೀರೆಯ ಸೆರಗನ್ನು ಕೈಗೆತ್ತಿಕೊಂಡು, ಒಡಲಿಗೂ ಸೆರಗಿಗೂ ಜೋಡಣೆ ಇರುವ ಜಾಗವನ್ನು ತಿರುವಿ ನೋಡಿ, "ಇದನ್ನು ಹೇಗೆ ಕೂಡಿಸುತ್ತಾರೆ? ಎಷ್ಟು ದಿನ ಹಿಡಿಯುತ್ತದೆ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಬಾಗಲಕೋಟೆ ಜಿಲ್ಲೆಯ ಮಗಳಿಗೆ ಗೊತ್ತಿರಲಿಲ್ಲ! ಚೀಲದ ಬ್ರ್ಯಾಂಡಿನ ಹೆಸರು, ಬೆಲೆ, ಬಣ್ಣ ಎಲ್ಲ ಬಾಯಿಪಾಠ. ಅಂದು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದಕ್ಕೆ ತೋಪು ತೆನಿ ಅನ್ನುತ್ತಾರೆ ಎಂದು ಅವರೇ ಹೇಳಿದರು. ನಮ್ಮವರಿಗೆ ಚೀಲದ ನಿಜವನ್ನೂ ಅಂದೇ ಹೇಳಿದೆ. ಅವರು ನಕ್ಕರು. "ನನಗೆ ಗೊತ್ತಿತ್ತು, ದಾಕ್ಷಿಣ್ಯಕ್ಕೆ ಸುಮ್ಮನಿದ್ದೆ" ಅಂದರು.

2016ರ ಅಕ್ಟೋಬರ್ 13ರಂದು ದೊರೆ ಭೂಮಿಬೋಲ್ ತೀರಿಕೊಂಡರು. ಎಪ್ಪತ್ತು ವರ್ಷ ಆಳಿದವರು. ಜನ ತಿಂಗಳುಗಟ್ಟಲೆ ಕಪ್ಪು ಬಟ್ಟೆಯಲ್ಲೇ ಇದ್ದರು. ಔತಣ, ಸಂಗೀತ ಎಲ್ಲ ನಿಂತವು. ಯಜಮಾನರೂ ಕಪ್ಪು, ಕಾವಲುಗಾರನೂ ಕಪ್ಪು. ಅಂತಸ್ತು ಇಲ್ಲವಾಯಿತು ಎಂದು ಹೇಳುವುದಿಲ್ಲ, ಆದರೆ ಅದನ್ನು ಎತ್ತಿ ತೋರಿಸಲು ಜನ ನಾಚುತ್ತಿದ್ದರು. ಅರಮನೆಯ ಬಳಿ ಸರದಿಯಲ್ಲಿ ನಿಂತವರಿಗೆ ನೀರು, ಅನ್ನ ಹಂಚುವುದೇ ಆಗ ದೊಡ್ಡತನ.

ಒಂದು ನೋವಿನ ಮಾತನ್ನೂ ಹೇಳಿಬಿಡುತ್ತೇನೆ. ಅಲ್ಲಿ ಯಾರನ್ನು ಭೇಟಿಯಾದರೂ ಮೊದಲು ವಿಸಿಟಿಂಗ್ ಕಾರ್ಡ್. ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ, ತೆಗೆದುಕೊಂಡವರು ಓದಿ, ಜೋಪಾನವಾಗಿ ಮುಂದಿಟ್ಟುಕೊಳ್ಳಬೇಕು. ಆ ಮೇಜುಗಳಲ್ಲಿ ಖರೀದಿ ವಿಭಾಗ, ಲೆಕ್ಕಪತ್ರ, ಮಾರಾಟ ಎಲ್ಲದರಲ್ಲೂ ಹೆಂಗಸರಿದ್ದರು. ಅವರು ನನಗೆ ಎರಡು ಕೈಯಲ್ಲಿ ಕಾರ್ಡ್ ಕೊಡುತ್ತಿದ್ದರು. ತಿರುಗಿ ಕೊಡಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಆರು ವರ್ಷ ಬರೀ ಕೈ ಜೋಡಿಸಿದೆ. ಕಾರು, ಚೀಲ ಇಲ್ಲದ್ದಕ್ಕಿಂತ ಆ ಖಾಲಿ ಕೈ ನನ್ನನ್ನು ಹೆಚ್ಚು ಕುಗ್ಗಿಸಿತು. 2017ರಲ್ಲಿ ವಾಪಸ್ ಬಂದ ಮೇಲೆ ಜೋಳದ ರೊಟ್ಟಿ, ಚಟ್ನಿಪುಡಿಗಳ ಈ ಪುಟ್ಟ ವ್ಯಾಪಾರ ಶುರು ಮಾಡಿದ್ದಕ್ಕೆ ಅದೂ ಒಂದು ಕಾರಣ. ರೊಟ್ಟಿ ಬಡಿಯುವ ಮೊದಲೇ ಕಾರ್ಡ್ ಅಚ್ಚು ಹಾಕಿಸಿದ್ದೆ ಎಂದು ನಮ್ಮವರು ಈಗಲೂ ತಮಾಷೆ ಮಾಡುತ್ತಾರೆ.

ಹೊರಡಲಿರುವ ಮಕ್ಕಳಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಕರೆದವರು ಕೊಡಲಿ, ಋಣ ತೀರಿಸಬೇಕೆನಿಸಿದರೆ ಇನ್ನೊಂದು ದಿನ ನೀವು ಕರೆಯಿರಿ. ಸಸ್ಯಾಹಾರಿಗಳಾದರೆ ಮೊದಲೇ ಯಾರ ಮೂಲಕವಾದರೂ ತಿಳಿಸಿ, ಮೇಜಿನಲ್ಲಿ ಕುಳಿತ ಮೇಲೆ "ಬೇಡ" ಅನ್ನಬೇಡಿ. ಎಲ್ಲೆಂದರಲ್ಲಿ ಕೂರಬೇಡಿ, ತೋರಿಸಿದ ಕುರ್ಚಿಯಲ್ಲಿ ಕೂರಿ. ನಡುವಿನ ಪಾತ್ರೆಯಿಂದ ಒಂದು ಸಲಕ್ಕೆ ಒಂದೆರಡು ಚಮಚವಷ್ಟೇ ಬಡಿಸಿಕೊಳ್ಳಿ. ಉಡುಗೊರೆ ಕೊಟ್ಟವರ ಎದುರು ಬಿಚ್ಚಬೇಡಿ. ತಪ್ಪು ತೋರಿಸಬೇಕಾದರೆ ಒಬ್ಬರನ್ನೇ ಕರೆದು ತೋರಿಸಿ. ಜೊತೆಗೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಮಾತು: ಹೋಗುವ ಮೊದಲೇ ವೀಸಾದಲ್ಲಿ ಕೆಲಸಕ್ಕೆ ಅವಕಾಶ ಇದೆಯೇ ಕೇಳಿ. ಇಲ್ಲದಿದ್ದರೆ ಕಲಿಯಲು ಏನಾದರೂ ಇಟ್ಟುಕೊಂಡು ಹೋಗಿ.

ಇವತ್ತು ನನ್ನ ಕಡೆಯ ವಾಣ ಅಲ್ಲಿ ಬಾಗಿಲ ಹತ್ತಿರ ಇದೆ. ಡಬ್ಬಿ ಸೆಟ್ಟಲ್ಲ, ಒಂದೊಂದು ಪೊಟ್ಟಣ ಶೇಂಗಾ ಚಟ್ನಿ. "ಅಯ್ಯೋ, ಇದೆಲ್ಲ ಯಾಕೆ, ದುಡ್ಡು ತಗೊಳ್ಳಿ" ಎಂದು ಯಾರೂ ಪರ್ಸ್ ತೆಗೆಯಬೇಡಿ. ಸುಮ್ಮನೆ ಕೈ ಚಾಚಿ ತೆಗೆದುಕೊಳ್ಳಿ. ಪೊಟ್ಟಣದ ಮೇಲೆ ನನ್ನ ಕಾರ್ಡ್ ಅಂಟಿಸಿದ್ದೇನೆ, ಅದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.